ಮೂರನೇ ಡಿವಿಷನ್‌ನಿಂದ ರಿಯಲ್ ಮ್ಯಾಡ್ರಿಡ್‌ಗೆ: ಸ್ಪೇನ್‌ನ ಕೆಳ ಹಂತದ ಕೋಚ್‌ಗಳಿಗೆ ಎರಡು ದಾರಿ ಏಕೆ?

2026ರ ಜನವರಿ 11ರಂದು ಸ್ಪ್ಯಾನಿಷ್ ಸೂಪರ್ ಕಪ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ತಂಡ ಬಾರ್ಸಿಲೋನಾ ಎದುರು 2–3ರಿಂದ ಸೋತಿತು. ಮರುದಿನವೇ ಕೋಚ್ ಶಾಬಿ ಅಲೊನ್ಸೊ ಹೊರನಡೆದರು. ಅವರ ಜಾಗಕ್ಕೆ ಬಂದವರು ಆಲ್ವರೊ ಅರ್ಬೆಲೋವಾ. ಆಟಗಾರನಾಗಿ ಅವರು ಅಪರಿಚಿತರಲ್ಲ. ರಿಯಲ್ ಮ್ಯಾಡ್ರಿಡ್‌ನ ರೈಟ್ ಬ್ಯಾಕ್ ಆಗಿದ್ದವರು, 2010ರಲ್ಲಿ ವಿಶ್ವಕಪ್ ಗೆದ್ದ ಸ್ಪೇನ್ ತಂಡದಲ್ಲಿದ್ದವರು. ಆದರೆ ಹಿರಿಯರ ಫುಟ್‌ಬಾಲ್‌ನಲ್ಲಿ ಕೋಚ್ ಆಗಿ ಅವರಿಗಿದ್ದ ಅನುಭವ ಅರ್ಧ ಋತುವಿನದು ಮಾತ್ರ. ಅದೂ ಸ್ಪೇನ್‌ನ ಮೂರನೇ ಹಂತದ ಲೀಗ್‌ನಲ್ಲಿ, ರಿಯಲ್ ಮ್ಯಾಡ್ರಿಡ್‌ನದೇ ‘ಬಿ’ ತಂಡವಾದ ಕಸ್ತಿಯಾದೊಂದಿಗೆ.

ಹೊಸ ಕೋಚ್‌ನ ಮೊದಲ ಪಂದ್ಯ ಸ್ಪೇನ್‌ನ ನಾಕೌಟ್ ಟೂರ್ನಿಯಾದ ಕೋಪಾ ದೆಲ್ ರೇಯಲ್ಲಿ. ಎರಡನೇ ಡಿವಿಷನ್‌ನ ಆಲ್ಬಸೆಟೆ ತಂಡ 3–2ರಿಂದ ಗೆದ್ದು ಮ್ಯಾಡ್ರಿಡ್ ಅನ್ನು ಟೂರ್ನಿಯಿಂದಲೇ ಹೊರಹಾಕಿತು.

ಜಗತ್ತಿನ ಅತಿ ಶ್ರೀಮಂತ ಕ್ಲಬ್‌ಗಳಲ್ಲೊಂದು ತನ್ನ ತಂಡವನ್ನು ಮೂರನೇ ಡಿವಿಷನ್‌ನ ಕೋಚ್ ಕೈಗೆ ಕೊಟ್ಟದ್ದೇಕೆ ಎಂಬುದು ಓದುಗರಲ್ಲಿ ಹುಟ್ಟುವ ಸಹಜ ಪ್ರಶ್ನೆ. ಅದೇ ಮೂರನೇ ಡಿವಿಷನ್‌ನಲ್ಲಿ ಹತ್ತು ಹದಿನೈದು ವರ್ಷ ಬೆವರು ಸುರಿಸಿದ ಮಾಜಿ ಡಿಫೆಂಡರ್‌ಗಳು ಬೇರೆಯೂ ಇದ್ದಾರಲ್ಲ, ಅವರಿಗೇಕೆ ಇಂಥ ಕರೆ ಬರುವುದಿಲ್ಲ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಈ ಎರಡನೆಯದು.

ಲೀಗ್‌ಗಳ ಮೆಟ್ಟಿಲು

ಸ್ಪೇನ್‌ನ ಲೀಗ್‌ಗಳ ಹೆಸರುಗಳು ಹೊರಗಿನವರ ದಾರಿ ತಪ್ಪಿಸುತ್ತವೆ. ಮೇಲೆ 20 ತಂಡಗಳ ಲಾ ಲೀಗಾ, ಅದರ ಕೆಳಗೆ 22 ತಂಡಗಳ ಸೆಗುಂಡಾ. ವೃತ್ತಿಪರ ಲೀಗ್ ಎಂದು ಲೆಕ್ಕಕ್ಕೆ ಬರುವುದು ಈ ಎರಡು ಮಾತ್ರ. ಮೂರನೇ ಹಂತದ ಹೆಸರು ಪ್ರಿಮೆರಾ ಫೆಡರಸಿಯೋನ್. ಎರಡು ಗುಂಪುಗಳಲ್ಲಿ ತಲಾ 20ರಂತೆ 40 ತಂಡಗಳು. ನಾಲ್ಕನೆಯದು ಸೆಗುಂಡಾ ಫೆಡರಸಿಯೋನ್. ಐದು ಗುಂಪು, 90 ತಂಡ. ಐದನೇ ಹಂತದಲ್ಲಿ 18 ಪ್ರಾದೇಶಿಕ ಗುಂಪುಗಳಿವೆ. ಈ ವ್ಯವಸ್ಥೆ ಬಂದದ್ದು 2021–22ರಲ್ಲಿ. ಅದಕ್ಕೂ ಮೊದಲು ಮೂರನೇ ಹಂತವನ್ನು ಸೆಗುಂಡಾ ಬಿ ಎನ್ನುತ್ತಿದ್ದರು. ಬಹುಕಾಲ ಅದರಲ್ಲಿ ನಾಲ್ಕು ಗುಂಪು, 80 ತಂಡಗಳಿದ್ದವು.

ಮೂರನೇ ಹಂತದ 40 ತಂಡಗಳಲ್ಲಿ ವರ್ಷಕ್ಕೆ ಮೇಲೇರುವುದು ನಾಲ್ಕು, ಕೆಳಗಿಳಿಯುವುದು ಹತ್ತು. ಎರಡು ಗುಂಪುಗಳ ಅಗ್ರಸ್ಥಾನಿಗಳಿಗೆ ನೇರ ಬಡ್ತಿ. ಉಳಿದ ಎರಡು ಸ್ಥಾನಗಳಿಗೆ ಎಂಟು ತಂಡಗಳು ಪ್ಲೇಆಫ್‌ನಲ್ಲಿ ಬಡಿದಾಡಬೇಕು. ಅಂದರೆ ಕೋಚ್‌ನ ಕೆಲಸ ಎಷ್ಟೇ ಚೆನ್ನಾಗಿದ್ದರೂ ಪ್ರತಿ ಹತ್ತು ಕ್ಲಬ್‌ಗಳಲ್ಲಿ ಒಂಬತ್ತಕ್ಕೆ ವರ್ಷದ ಕೊನೆಯಲ್ಲಿ ಬಡ್ತಿ ಇಲ್ಲ.

ಇದರ ಜತೆಗೆ ದುಡ್ಡಿನ ಪ್ರಪಾತವಿದೆ. 2015ರ ಸರ್ಕಾರಿ ಸುಗ್ರೀವಾಜ್ಞೆಯ ಪ್ರಕಾರ ಟಿ.ವಿ. ಹಕ್ಕುಗಳನ್ನು ಎಲ್ಲ ವೃತ್ತಿಪರ ಕ್ಲಬ್‌ಗಳ ಪರವಾಗಿ ಒಟ್ಟಾಗಿ ಮಾರಲಾಗುತ್ತದೆ. ಬಂದ ಹಣದಲ್ಲಿ ಶೇ 90 ಲಾ ಲೀಗಾಕ್ಕೆ, ಶೇ 10 ಸೆಗುಂಡಾಕ್ಕೆ. ಮೂರನೇ ಹಂತ ಈ ಪಾಲಿನ ಆಚೆಗಿದೆ. ಹೀಗಾಗಿ ಸೆಗುಂಡಾದಿಂದ ಜಾರುವ ಕ್ಲಬ್ ಕಳೆದುಕೊಳ್ಳುವುದು ಮರ್ಯಾದೆಯೊಂದನ್ನೇ ಅಲ್ಲ, ಆದಾಯದ ದೊಡ್ಡ ಪಾಲನ್ನೂ. ಮತ್ತೆ ಮೇಲೇರಲು ಆತುರ ಹುಟ್ಟುವುದು ಇಲ್ಲಿಂದಲೇ. ಆ ಆತುರಕ್ಕೆ ಮೊದಲು ಬಲಿಯಾಗುವವರು ಕೋಚ್. ಋತುವಿನ ನಡುವೆ 20 ಆಟಗಾರರನ್ನು ಬದಲಿಸಲು ನಿಯಮವೂ ಬಿಡುವುದಿಲ್ಲ, ಬಜೆಟ್ಟೂ ಬಿಡುವುದಿಲ್ಲ. ಒಬ್ಬ ಕೋಚ್‌ನನ್ನು ಒಂದು ಸಂಜೆಯಲ್ಲಿ ಬದಲಿಸಬಹುದು.

ಆಲ್ಫಾರೊ ನಡೆದ ದಾರಿ

ಕರೆ ಬರದ ಅಂಥ ಮಾಜಿ ಡಿಫೆಂಡರ್‌ಗಳಲ್ಲಿ ಪಾಬ್ಲೊ ಆಲ್ಫಾರೊ ಒಬ್ಬರು. ಸರಗೋಸಾದವರು, ಹುಟ್ಟಿದ್ದು 1969ರಲ್ಲಿ. ವೈದ್ಯಕೀಯ ಓದಿದ ಫುಟ್‌ಬಾಲಿಗ. ಮೈದಾನದಲ್ಲಿ ಮಾತ್ರ ಎದುರಾಳಿಗಳಿಗೆ ಈ ಡಾಕ್ಟರ್ ಕೈಯಲ್ಲಿ ಚಿಕಿತ್ಸೆಗಿಂತ ಗಾಯವೇ ಹೆಚ್ಚು. ಲಾ ಲೀಗಾದಲ್ಲಿ 18 ಕೆಂಪು ಕಾರ್ಡ್ ಪಡೆದು, ಶಾವಿ ಅಗ್ವಾದೊ ಜತೆ ದಾಖಲೆ ಹಂಚಿಕೊಂಡಿದ್ದರು. 2017ರಲ್ಲಿ ಸೆರ್ಗಿಯೊ ರಾಮೋಸ್ ಅದನ್ನು ದಾಟಿದರು. ಸರಗೋಸಾ, ಬಾರ್ಸಿಲೋನಾ, ರೇಸಿಂಗ್, ಅಟ್ಲೆಟಿಕೊ, ಮೆರಿದಾ, ಸೆವಿಯಾ ಹೀಗೆ ಹಲವು ಕ್ಲಬ್‌ಗಳಲ್ಲಿ ಆಡಿದ ಸೆಂಟರ್ ಬ್ಯಾಕ್ ಅವರು.

ಆಟ ಬಿಟ್ಟ ಮೇಲೆ ಕೋಚ್ ಆಗಿ ಅವರು ಸುತ್ತಿದ ಊರುಗಳೇ ಬೇರೆ: ಪೊಂತೆವೆದ್ರಾ, ವೆಲ್ವಾದ ರೆಕ್ರಿಯಾತಿವೊ, ಲೆಗಾನೆಸ್, ಮಿರಾಂದೆಸ್, ಇಬಿಜಾ, ಕೊರ್ದೊಬಾ. ಬಹುಪಾಲು ಮೂರನೇ ಹಂತ, ನಡುವೆ ಒಂದಿಷ್ಟು ಎರಡನೇ ಹಂತ. ಒಬ್ಬ ಕೋಚ್ ಇಷ್ಟೊಂದು ಕ್ಲಬ್ ಬದಲಿಸಿದರೆ ಕೆಲಸ ಬರುವುದಿಲ್ಲವೇನೊ ಎಂದು ನಮಗೆ ಅನುಮಾನ ಬರುತ್ತದೆ. ಮಿರಾಂದೆಸ್‌ನ ಕತೆ ನೋಡಿದರೆ ಆ ಅನುಮಾನ ಅಷ್ಟು ಸರಳವಲ್ಲ ಎಂದು ತಿಳಿಯುತ್ತದೆ.

2017–18ರಲ್ಲಿ ಆಲ್ಫಾರೊ ಅವರ ಮಿರಾಂದೆಸ್ ಸೆಗುಂಡಾ ಬಿಯ ತನ್ನ ಗುಂಪಿನಲ್ಲಿ ಮೊದಲ ಸ್ಥಾನ ಪಡೆಯಿತು. ಆಗಿನ ನಿಯಮದಲ್ಲಿ ಗುಂಪು ಗೆದ್ದರೂ ನೇರ ಬಡ್ತಿ ಇರಲಿಲ್ಲ. ನಾಲ್ಕು ಗುಂಪುಗಳ ಅಗ್ರಸ್ಥಾನಿಗಳು ಪರಸ್ಪರ ಆಡಬೇಕು. ಗೆದ್ದ ಇಬ್ಬರು ಮೇಲಕ್ಕೆ, ಸೋತ ಇಬ್ಬರು ಎರಡರಿಂದ ನಾಲ್ಕನೇ ಸ್ಥಾನದವರೆಗಿನ ತಂಡಗಳ ಜತೆ ಮತ್ತೆ ಮೊದಲಿನಿಂದ ಸೆಣಸಬೇಕು. ಮಿರಾಂದೆಸ್‌ಗೆ ಎದುರಾದದ್ದು ಮಯೋರ್ಕಾ. ಮಯೋರ್ಕಾ ಬಡ್ತಿ ಪಡೆಯಿತು. ಮಿರಾಂದೆಸ್‌ಗೆ ಎರಡನೇ ಅವಕಾಶದಲ್ಲೂ ಬಾಗಿಲು ತೆರೆಯಲಿಲ್ಲ. ಮರುವರ್ಷ ಬೋರ್ಹಾ ಹಿಮೆನೆಸ್ ಕೋಚ್ ಆದರು. ಆ ವರ್ಷ ಗುಂಪು ಗೆದ್ದದ್ದು ರೇಸಿಂಗ್ ಸಾಂತಾಂದೆರ್. ಮಿರಾಂದೆಸ್ ಅದರ ಹಿಂದೆ ಉಳಿದರೂ ಪ್ಲೇಆಫ್‌ನ ಕೊನೆಯಲ್ಲಿ ಇನ್ನೊಂದು ಗುಂಪಿನ ಅಗ್ರಸ್ಥಾನಿ ಅಟ್ಲೆಟಿಕೊ ಬಲಿಯಾರೆಸ್ ಅನ್ನು ಸೋಲಿಸಿ ಮೇಲೇರಿತು. ಗುಂಪು ಗೆದ್ದ ಕೋಚ್‌ನ ಹೆಸರಿನ ಮುಂದೆ ಬಡ್ತಿ ಇಲ್ಲ, ಗೆಲ್ಲದವರ ಹೆಸರಿನ ಮುಂದೆ ಇದೆ. ಕ್ಲಬ್ ಒಂದೇ, ನಡುವಿನ ಅಂತರ ಒಂದು ವರ್ಷ.

2020ರ ಜನವರಿ 22ರಂದು ಆಲ್ಫಾರೊ ಅವರ ಇಬಿಜಾ ತಂಡ ಕೋಪಾ ದೆಲ್ ರೇಯಲ್ಲಿ ಬಾರ್ಸಿಲೋನಾವನ್ನು ಎದುರಿಸಿತು. ಕಾನ್ ಮಿಸೆಸ್‌ನ ಕೃತಕ ಹುಲ್ಲಿನ ಮೈದಾನದಲ್ಲಿ 9ನೇ ನಿಮಿಷಕ್ಕೇ ಇಬಿಜಾದ ಕಬಾಯೆ ಗೋಲು ಹೊಡೆದರು. 72ನೇ ನಿಮಿಷದವರೆಗೂ ಮೂರನೇ ಡಿವಿಷನ್ ತಂಡವೇ ಮುಂದಿತ್ತು. ಆಮೇಲೆ ಗ್ರೀಜ್‌ಮನ್ ಸಮಬಲ ಮಾಡಿದರು, ಹೆಚ್ಚುವರಿ ನಿಮಿಷಗಳಲ್ಲಿ ಎರಡನೆಯದನ್ನೂ ಹೊಡೆದರು. 1–2. ಸ್ಪೇನ್‌ನ ಟಿ.ವಿ. ಪ್ರೇಕ್ಷಕರಿಗೆ ಕೋಚ್ ಆಲ್ಫಾರೊ ಕಣ್ಣಿಗೆ ಬೀಳುವುದು ಇಂಥ ಒಂದು ರಾತ್ರಿ. ಅದೇ ವರ್ಷ ಡಿಸೆಂಬರ್‌ನ ಹೊತ್ತಿಗೆ ಅವರು ಕೊರ್ದೊಬಾದಲ್ಲಿದ್ದರು. ಇನ್ನೊಬ್ಬರನ್ನು ತೆಗೆದು ಇವರನ್ನು ತಂದಿದ್ದರು. ಋತು ಮುಗಿಯುವ ಮೊದಲೇ ಇವರನ್ನೂ ತೆಗೆದರು. ಆ ವರ್ಷವೇ ಲೀಗ್‌ಗಳ ಮರುವಿಂಗಡಣೆ. ಕೊರ್ದೊಬಾ ನಾಲ್ಕನೇ ಹಂತಕ್ಕೆ ಬಿತ್ತು.

‘ಬಿ’ ತಂಡದ ಕೋಚ್‌ಗೆ ಬೇರೆಯದೇ ತಕ್ಕಡಿ

ಅರ್ಬೆಲೋವಾ ಬಂದದ್ದು ಇದೇ ಮೂರನೇ ಹಂತದಿಂದ. ಆದರೆ ಅವರು ನಡೆದ ದಾರಿ ಇದಲ್ಲ.

ಸ್ಪೇನ್‌ನಲ್ಲಿ ದೊಡ್ಡ ಕ್ಲಬ್‌ಗಳ ‘ಬಿ’ ತಂಡಗಳು ಸಾಮಾನ್ಯ ಲೀಗ್‌ಗಳಲ್ಲೇ ಆಡುತ್ತವೆ. ಎರಡು ನಿರ್ಬಂಧಗಳಿವೆ: ಮುಖ್ಯ ತಂಡವಿರುವ ಡಿವಿಷನ್‌ಗೆ ಏರುವಂತಿಲ್ಲ, ಕೋಪಾ ದೆಲ್ ರೇ ಆಡುವಂತಿಲ್ಲ. ಉಳಿದಂತೆ ಕಸ್ತಿಯಾ ಕೂಡ ಊರಿನ ಸಣ್ಣ ಕ್ಲಬ್‌ಗಳ ಜತೆ ಅದೇ ಅಂಕಪಟ್ಟಿಯಲ್ಲಿರುತ್ತದೆ.

ಅಂಕಪಟ್ಟಿ ಒಂದೇ ಆದರೂ ಅಳತೆ ಒಂದೇ ಅಲ್ಲ. ಊರಿನ ಕ್ಲಬ್‌ನ ಕೋಚ್‌ಗೆ ಭಾನುವಾರದ ಫಲಿತಾಂಶವೇ ಪರೀಕ್ಷೆ. ‘ಬಿ’ ತಂಡದ ಕೋಚ್‌ನನ್ನು ಅವನು ತಯಾರು ಮಾಡಿದ ಹುಡುಗರಿಂದ ಅಳೆಯುತ್ತಾರೆ. ಜತೆಗೆ ಅವನು ಕ್ಲಬ್‌ನ ಅಧಿಕಾರಿಗಳ ಕಣ್ಣೆದುರು ದಿನವೂ ಇರುತ್ತಾನೆ. ಝಿನೆದಿನ್ ಝಿದಾನ್ ಅವರ ಕಸ್ತಿಯಾ 2014–15ರಲ್ಲಿ ಆರನೇ ಸ್ಥಾನ ಪಡೆದು ಪ್ಲೇಆಫ್ ಕೂಡ ತಲುಪಲಿಲ್ಲ. 2016ರ ಜನವರಿಯಲ್ಲಿ ಅವರು ಮುಖ್ಯ ತಂಡದ ಕೋಚ್. ಮುಂದೆ ಸತತ ಮೂರು ಚಾಂಪಿಯನ್ಸ್ ಲೀಗ್. ಶಾಬಿ ಅಲೊನ್ಸೊ 2021ರಲ್ಲಿ ರಿಯಲ್ ಸೊಸಿಯೆದಾದ್‌ನ ‘ಬಿ’ ತಂಡವನ್ನು ಸುಮಾರು ಆರು ದಶಕಗಳ ಬಳಿಕ ಸೆಗುಂಡಾಕ್ಕೆ ಏರಿಸಿದರು. 2022ರಲ್ಲಿ ಅದೇ ತಂಡ ಅವರ ಕೈಯಲ್ಲೇ ಕೆಳಗಿಳಿಯಿತು. ಅದಾಗಿ ಕೆಲವೇ ತಿಂಗಳಿಗೆ, ಅಕ್ಟೋಬರ್‌ನಲ್ಲಿ, ಜರ್ಮನಿಯ ಲೆವರ್‌ಕುಸೆನ್ ಅವರನ್ನು ಕರೆಯಿತು. ಊರಿನ ಕ್ಲಬ್ ಒಂದನ್ನು ಕೆಳಗಿಳಿಸಿದ ಕೋಚ್‌ಗೆ ಅದೇ ಅಕ್ಟೋಬರ್‌ನಲ್ಲಿ ಜರ್ಮನಿಯ ಅಗ್ರ ಲೀಗ್ ಬುಂಡೆಸ್‌ಲೀಗಾದಿಂದ ಫೋನ್ ಬರುತ್ತಿತ್ತೇ?

‘ಬಿ’ ತಂಡದ ಕೋಚ್‌ನನ್ನು ಮೇಲಕ್ಕೆ ಕರೆಯುವ ಅಭ್ಯಾಸವನ್ನು ಗಟ್ಟಿ ಮಾಡಿದವರು ಪೆಪ್ ಗಾರ್ಡಿಯೋಲಾ. 2007–08ರಲ್ಲಿ ನಾಲ್ಕನೇ ಹಂತದಲ್ಲಿದ್ದ ಬಾರ್ಸಿಲೋನಾ ‘ಬಿ’ ತಂಡವನ್ನು ಗೆಲ್ಲಿಸಿ, ಮರುವರ್ಷ ಮುಖ್ಯ ತಂಡದೊಂದಿಗೆ ಮೂರು ದೊಡ್ಡ ಪ್ರಶಸ್ತಿ ಗೆದ್ದರು. ಅಂದಿನಿಂದ ದೊಡ್ಡ ಕ್ಲಬ್‌ಗಳ ಅಧ್ಯಕ್ಷರಿಗೆಲ್ಲ ಮನೆಯಲ್ಲೇ ಒಬ್ಬ ಗಾರ್ಡಿಯೋಲಾ ಇರಬಹುದು ಎಂಬ ಆಸೆ. ಈ ಆಸೆಗೆ ಆಧಾರ ಒಂದೆರಡು ಅಸಾಧಾರಣ ಉದಾಹರಣೆಗಳಷ್ಟೇ. ರಿಯಲ್ ಮ್ಯಾಡ್ರಿಡ್‌ನ ಮಾಜಿ ತಾರೆ ರೌಲ್ 2019ರಿಂದ 2025ರವರೆಗೆ ಆರು ಋತು ಕಸ್ತಿಯಾದ ಕೋಚ್ ಆಗಿದ್ದರು. 2023ರಲ್ಲಿ ಬಡ್ತಿಯ ಕೊನೆಯ ಹಣಾಹಣಿಯಲ್ಲಿ ಎಲ್ದೆನ್ಸೆಗೆ ಸೋತರು. ಮುಖ್ಯ ತಂಡದ ಬಾಗಿಲು ಅವರಿಗೆ ತೆರೆಯಲೇ ಇಲ್ಲ. ಮನೆ ಮಗನಾದರೂ ಸರದಿ ಬರಬೇಕು.

ಪರವಾನಗಿಯ ವಿಷಯವೂ ಸೇರಿಕೊಳ್ಳುತ್ತದೆ. ಝಿದಾನ್ ಕಸ್ತಿಯಾಕ್ಕೆ ಬಂದಾಗ ಆ ಹಂತಕ್ಕೆ ಬೇಕಾದ ಪೂರ್ಣ ಕೋಚಿಂಗ್ ಪರವಾನಗಿ ಅವರ ಬಳಿ ಇರಲಿಲ್ಲ. ಕಾಗದದ ಮೇಲೆ ಸಾಂತಿಯಾಗೊ ಸಾಂಚೆಸ್ ಕೋಚ್, ಝಿದಾನ್ ಸಹಾಯಕ. ದೂರು ಹೋಯಿತು, 2014ರ ಅಕ್ಟೋಬರ್‌ನಲ್ಲಿ ಮೂರು ತಿಂಗಳ ಅಮಾನತು ಘೋಷಣೆಯಾಯಿತು, ಆಮೇಲೆ ಅದು ರದ್ದಾಯಿತು. ವರ್ಷಗಟ್ಟಲೆ ಹಂತ ಹಂತವಾಗಿ ಪರೀಕ್ಷೆ ಬರೆದು ಪ್ರೊ ಪರವಾನಗಿ ಪಡೆದ ಸಾಮಾನ್ಯ ಕೋಚ್‌ಗಳಿಗೆ ಆ ಪ್ರಕರಣ ಏಕೆ ಚುಚ್ಚಿತೆಂದು ಹೇಳಬೇಕಿಲ್ಲ.

ಡಿಫೆಂಡರ್ ಆಗಿದ್ದರೆ ಲಾಭವೇ?

ಮಾಜಿ ಡಿಫೆಂಡರ್‌ಗಳು ಒಳ್ಳೆಯ ಕೋಚ್‌ಗಳಾಗುತ್ತಾರೆ ಎಂಬ ಮಾತು ಫುಟ್‌ಬಾಲ್ ಲೋಕದಲ್ಲಿ ಹಳೆಯದು. ಸೆಂಟರ್ ಬ್ಯಾಕ್‌ಗೆ ಇಡೀ ಮೈದಾನ ಕಣ್ಣೆದುರಿಗಿರುತ್ತದೆ, ಮುಂದಿನವರನ್ನು ಕೂಗಿ ಸಾಲುಗೂಡಿಸುವುದು ಅವನ ದಿನನಿತ್ಯದ ಕೆಲಸ ಎಂಬುದು ಆ ವಾದ. ಕೆಳ ಹಂತದಲ್ಲಿ ಇದಕ್ಕೆ ಇನ್ನೂ ಒಂದು ಬಲವಿದೆ. ಗೋಲು ಹೊಡೆಯುವವರು ದುಬಾರಿ, ಗೋಲು ತಡೆಯುವ ಶಿಸ್ತನ್ನು ಅಭ್ಯಾಸದಿಂದ ಕಲಿಸಬಹುದು. ಕೈಯಲ್ಲಿ ಕಾಸಿಲ್ಲದ ಕ್ಲಬ್ ರಕ್ಷಣೆ ಬಲ್ಲ ಕೋಚ್‌ನನ್ನು ಹುಡುಕುವುದರಲ್ಲಿ ಅರ್ಥವಿದೆ.

ಆದರೆ ಈ ವಾದವನ್ನು ಎಳೆದಷ್ಟೂ ಹಿಗ್ಗಿಸಲಾಗದು. ಲೋರ್ಕಾ ಎಂಬ ಊರಿನ ಕ್ಲಬ್ ಅನ್ನು 2005ರಲ್ಲಿ ಸೆಗುಂಡಾಕ್ಕೆ ಏರಿಸಿ, ಅಲ್ಲಿಂದ ಅಲ್ಮೆರಿಯಾ, ವಲೆನ್ಸಿಯಾ ಎಂದು ಮೇಲೇರಿದ ಉನೈ ಎಮ್ರಿ ಮಿಡ್‌ಫೀಲ್ಡರ್. ಆಲ್ಫಾರೊ ನಂತರ ಮಿರಾಂದೆಸ್‌ಗೆ ಬಂದ ಹಿಮೆನೆಸ್ ಮೇಲಿನ ಹಂತದಲ್ಲಿ ಹೆಸರು ಮಾಡಿದ ಆಟಗಾರನೇ ಅಲ್ಲ. ಆಡಿದ ಜಾಗಕ್ಕಿಂತ ಆಡಿದ ಕ್ಲಬ್ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅಂದಾಜು.

ಫರ್ನಾಂದೊ ಯೆರೊ ಇದಕ್ಕೆ ಸಾಕ್ಷಿ. ಅವರೂ ಡಿಫೆಂಡರ್, ರಿಯಲ್ ಮ್ಯಾಡ್ರಿಡ್ ನಾಯಕರಾಗಿದ್ದವರು. ಮುಖ್ಯ ಕೋಚ್ ಆಗಿ ಅವರ ಕೈಯಲ್ಲಿದ್ದದ್ದು ಒಂದೇ ಋತು: 2016–17ರಲ್ಲಿ ಸೆಗುಂಡಾದ ಒವಿಯೆದೊ, ಎಂಟನೇ ಸ್ಥಾನ, ಪ್ಲೇಆಫ್ ಇಲ್ಲ. 2018ರ ಜೂನ್ 13ರಂದು, ವಿಶ್ವಕಪ್‌ನಲ್ಲಿ ತನ್ನ ಮೊದಲ ಪಂದ್ಯಕ್ಕೆ ಎರಡು ದಿನವಿರುವಾಗ, ಸ್ಪೇನ್ ತನ್ನ ಕೋಚ್ ಲೊಪೆತೆಗಿಯನ್ನು ತೆಗೆದುಹಾಕಿ ತಂಡವನ್ನು ಯೆರೊಗೆ ಒಪ್ಪಿಸಿತು. ಆಗ ಅವರು ಫೆಡರೇಷನ್‌ನ ಕ್ರೀಡಾ ನಿರ್ದೇಶಕರಾಗಿ ತಂಡದ ಜತೆಗೇ ಇದ್ದರು. ಅಲ್ಲೂ ತಕ್ಷಣಕ್ಕೆ ಬೇಕಾಗಿದ್ದದ್ದು ಆಟಗಾರರು ಎದುರು ಮಾತನಾಡದ ಒಂದು ಹೆಸರು. ಅರ್ಬೆಲೋವಾ ನೇಮಕದ ತರ್ಕವೂ ಇದರಿಂದ ದೂರವಿಲ್ಲ.

ಎರಡು ಕಡೆಯ ವಾದ

ದೊಡ್ಡ ಕ್ಲಬ್‌ಗಳ ಸಮರ್ಥನೆ ಹೀಗಿದೆ: ‘ಬಿ’ ತಂಡ ನಮ್ಮ ಪಾಠಶಾಲೆ, ಆಟಗಾರರಂತೆಯೇ ಕೋಚ್‌ಗಳೂ ಅಲ್ಲಿ ತಯಾರಾಗುತ್ತಾರೆ. ಸಂಕಟ ಬಂದಾಗ ಕ್ಲಬ್‌ನ ಒಳಹೊರಗು ಬಲ್ಲವನನ್ನು ಕೂರಿಸುವುದು ಹೊರಗಿನವನನ್ನು ಹುಡುಕುವುದಕ್ಕಿಂತ ವೇಗ, ಅಗ್ಗ. ಋತುವಿನ ನಡುವೆ ಒಳ್ಳೆಯ ಕೋಚ್‌ಗಳು ಬಿಡುವಾಗಿರುವುದು ಅಪರೂಪ ಎಂಬುದೂ ನಿಜ.

ಸಣ್ಣ ಊರುಗಳ ಅಭಿಮಾನಿಗಳ ದೂರು ಬೇರೆ. ಟಿಕೆಟ್ ಮಾರಿ, ಊರಿನ ಅಂಗಡಿಗಳ ಜಾಹೀರಾತು ಹಿಡಿದು ಬದುಕುವ ಕ್ಲಬ್, ಮೇಲಿನಿಂದ ಹಣ ಹರಿಯುವ ‘ಬಿ’ ತಂಡದೊಂದಿಗೆ ಒಂದೇ ಬಡ್ತಿಗಾಗಿ ಪೈಪೋಟಿ ಮಾಡಬೇಕು. ಆ ತಂಡಕ್ಕೆ ಸೋತರೂ ನಷ್ಟವಿಲ್ಲ. ಇವರಿಗೆ ಸೋಲು ಎಂದರೆ ಕ್ಲಬ್‌ನ ಅಳಿವು ಉಳಿವು. ಇದು ಉತ್ಪ್ರೇಕ್ಷೆಯಲ್ಲ. ಎಮ್ರಿ ಬೆಳೆದ ಲೋರ್ಕಾ ದೆಪೊರ್ತಿವಾ 2012ರಲ್ಲಿ ಮುಚ್ಚಿಹೋಯಿತು. ಆಲ್ಫಾರೊ ಆಡಿದ್ದ ಹಳೆಯ ಮೆರಿದಾ ಕ್ಲಬ್ 2000ದಲ್ಲಿ ಸಾಲದಲ್ಲಿ ಮುಳುಗಿತು. ರೆಯುಸ್ 2019ರ ಜನವರಿಯಲ್ಲಿ ಸೆಗುಂಡಾ ಋತುವಿನ ನಡುವೆಯೇ ಹೊರಬಿತ್ತು.

ಕೋಚ್‌ಗಳ ಕಡೆಯಿಂದ ನೋಡಿದರೆ, ಮೇಲಿನ ಕ್ಲಬ್ ಕೆಳಗೆ ಬಂದಷ್ಟೂ ಒತ್ತಡ ಜಾಸ್ತಿ. 2000ದಲ್ಲಿ ಲಾ ಲೀಗಾ ಗೆದ್ದ ದೆಪೊರ್ತಿವೊ ಲಾ ಕೊರುನ್ಯಾ 2020ರಲ್ಲಿ ಮೂರನೇ ಹಂತಕ್ಕೆ ಕುಸಿಯಿತು; ಮೇಲೆ ಬಂದದ್ದು 2024ರಲ್ಲಿ. ನಾಲ್ಕು ಋತುಗಳಲ್ಲಿ ಐದು ಮಂದಿ ಆ ಬೆಂಚಿನಲ್ಲಿ ಕುಳಿತರು, ಅವರಲ್ಲಿ ರುಬೆನ್ ದೆ ಲಾ ಬರೇರಾ ಎರಡು ಬಾರಿ. ಇವರಲ್ಲೊಬ್ಬರು ಮಿರಾಂದೆಸ್ ಕತೆಯ ಅದೇ ಬೋರ್ಹಾ ಹಿಮೆನೆಸ್. 2022ರ ಜೂನ್‌ನಲ್ಲಿ ತವರು ಮೈದಾನ ರಿಯಾಸೊರ್‌ನಲ್ಲೇ ಆಲ್ಬಸೆಟೆ ಎದುರು ಬಡ್ತಿಯ ಪಂದ್ಯ ಸೋತರು, ಅಕ್ಟೋಬರ್‌ಗೆ ಕೆಲಸ ಹೋಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಲೆಗಾನೆಸ್ ತಂಡದೊಂದಿಗೆ ಸೆಗುಂಡಾ ಗೆದ್ದು ಲಾ ಲೀಗಾಕ್ಕೆ ಏರಿದರು. 2022ರ ಆ ವಜಾ ಅವರ ಸಾಮರ್ಥ್ಯದ ಬಗ್ಗೆ ಏನನ್ನೂ ಹೇಳಲಿಲ್ಲ. ಕ್ಲಬ್‌ನ ಗಾಬರಿಯನ್ನಷ್ಟೇ ಹೇಳಿತು.

ಭಾರತದ ಬೆಂಚುಗಳಿಗೆ ಇದು ಹೇಗೆ ತಟ್ಟುತ್ತದೆ

ಪರವಾನಗಿ ಇರುವ ಕೋಚ್‌ಗಳು ಬಹಳ, ನೆಮ್ಮದಿಯ ಕೆಲಸ ಕೆಲವೇ. ಪರಿಣಾಮವಾಗಿ ಸ್ಪೇನ್ ಕೋಚ್‌ಗಳನ್ನು ರಫ್ತು ಮಾಡುತ್ತದೆ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಶುರುವಾದ 2014ರಲ್ಲೇ ಪ್ರಶಸ್ತಿ ಗೆದ್ದ ಅಟ್ಲೆಟಿಕೊ ದೆ ಕೋಲ್ಕತ್ತದ ಕೋಚ್ ಅಂಟೋನಿಯೊ ಲೋಪೆಸ್ ಹಬಾಸ್. ಅವರೂ ಮಾಜಿ ಡಿಫೆಂಡರ್. ಸ್ಪೇನ್‌ನ ಎರಡನೇ ಹಂತದಲ್ಲಿ ದುಡಿದವರು, 2005ರಲ್ಲಿ ವಲೆನ್ಸಿಯಾವನ್ನು ಕೆಲವು ತಿಂಗಳು ನಡೆಸಿದವರು. 2020ರಲ್ಲಿ, ಅದೇ ಕ್ಲಬ್‌ನ ಹೆಸರು ಎಟಿಕೆ ಎಂದಾಗಿದ್ದಾಗ, ಮತ್ತೊಮ್ಮೆ ಗೆದ್ದರು. ಬೆಂಗಳೂರು ಎಫ್‌ಸಿಯದೂ ಇದೇ ಜಾಡು. ಆಲ್ಬರ್ಟ್ ರೋಕಾ 2016ರಲ್ಲಿ ತಂಡವನ್ನು ಎಎಫ್‌ಸಿ ಕಪ್ ಫೈನಲ್‌ಗೆ ಒಯ್ದರು. ಅವರ ನಂತರ ಬಂದ ಕಾರ್ಲೆಸ್ ಕ್ವಾದ್ರಾತ್ 2018–19ರ ಐಎಸ್‌ಎಲ್ ಗೆಲ್ಲಿಸಿದರು. ಮುಂಬೈ ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ ರಾಹುಲ್ ಭೇಕೆ ಹೊಡೆದ ಹೆಡರ್ ಅನ್ನು ಬೆಂಗಳೂರಿನ ಅಭಿಮಾನಿಗಳು ಮರೆತಿರಲಾರರು.

ಭಾರತ ತಂಡದ ಕೋಚ್ ಆಗಿದ್ದ ಸ್ಪೇನ್‌ನ ಮನೋಲೊ ಮಾರ್ಕೆಸ್ ವಿಷಯದಲ್ಲಿ ಗೊಂದಲವಾದದ್ದು ಈ ಹಿನ್ನೆಲೆ ಗೊತ್ತಿಲ್ಲದ್ದರಿಂದ. 2017ರಲ್ಲಿ ಲಾಸ್ ಪಾಲ್ಮಾಸ್‌ನ ‘ಬಿ’ ತಂಡವನ್ನು ಮೂರನೇ ಹಂತದ ಸೆಗುಂಡಾ ಬಿಗೆ ಏರಿಸಿದ್ದಕ್ಕೆ ಅವರಿಗೆ ಲಾ ಲೀಗಾದಲ್ಲಿದ್ದ ಮುಖ್ಯ ತಂಡವೇ ಸಿಕ್ಕಿತು. ಸೆಪ್ಟೆಂಬರ್ ಮುಗಿಯುವ ಮೊದಲು ಅವರು ರಾಜೀನಾಮೆ ಕೊಟ್ಟಿದ್ದರು. ಹೈದರಾಬಾದ್‌ನಲ್ಲಿ ಸಮಯ ಸಿಕ್ಕಿತು, 2022ರಲ್ಲಿ ಐಎಸ್‌ಎಲ್ ಗೆದ್ದರು. ಭಾರತ ತಂಡ ಸಿಕ್ಕಿದ್ದು 2024ರ ಜುಲೈನಲ್ಲಿ, ಅದೂ ಎಫ್‌ಸಿ ಗೋವಾದ ಕೆಲಸದ ಜತೆಜತೆಗೆ. ಎಂಟು ಪಂದ್ಯಗಳಲ್ಲಿ ಒಂದೇ ಗೆಲುವು, ಹಾಂಗ್‌ಕಾಂಗ್ ಎದುರು ಸೋಲು, 2025ರ ಜುಲೈನಲ್ಲಿ ವಿದಾಯ. ಲೀಗ್‌ನಲ್ಲಿ ಗೆದ್ದವರು ರಾಷ್ಟ್ರೀಯ ತಂಡದಲ್ಲಿ ಏಕೆ ಎಡವಿದರು ಎಂದು ಹಲವರು ಕೇಳಿದರು. ಕೆಳ ಹಂತದ ಸ್ಪ್ಯಾನಿಷ್ ಕೋಚ್‌ನ ಕಸುಬೆಂದರೆ ದಿನವೂ ಮೈದಾನದಲ್ಲಿ ನಿಂತು, ಸಾಧಾರಣ ಆಟಗಾರರನ್ನು ತಿಂಗಳುಗಟ್ಟಲೆ ತಿದ್ದುವುದು. ರಾಷ್ಟ್ರೀಯ ತಂಡದಲ್ಲಿ ಆಟಗಾರರು ಕೈಗೆ ಸಿಗುವುದು ಪಂದ್ಯಕ್ಕೆ ಕೆಲವೇ ದಿನ ಮೊದಲು.

2025ರ ಜುಲೈನಲ್ಲಿ ಐಎಸ್‌ಎಲ್‌ನ ಮುಂದಿನ ಋತುವನ್ನೇ ತಡೆಹಿಡಿದಾಗ ಈ ರಫ್ತಿನ ಒಂದು ಕೊಂಡಿ ಅಲುಗಾಡಿತು. ಇಲ್ಲಿನ ಲೀಗ್ ಗಟ್ಟಿಯಾಗಿ ನಿಲ್ಲದಿದ್ದರೆ ಇಂಥ ಕೋಚ್‌ಗಳು ಥಾಯ್ಲೆಂಡ್‌ಗೋ ಇನ್ನೆಲ್ಲಿಗೋ ಹೋಗುತ್ತಾರೆ. ಸ್ಪೇನ್‌ನಲ್ಲಿ ಮಾತ್ರ ಅರ್ಬೆಲೋವಾ ನೇಮಕದಿಂದ ‘ಬಿ’ ತಂಡಗಳ ಬೆಂಚಿಗೆ ಬೇಡಿಕೆ ಇನ್ನಷ್ಟು ಏರಲಿದೆ. ಆ ಹುದ್ದೆಗಳಿಗೆ ಮಾಜಿ ತಾರೆಯರು ಸಾಲುಗಟ್ಟಿದರೆ, ಪೊಂತೆವೆದ್ರಾ, ಮಿರಾಂದೆಸ್‌ನಂಥ ಊರುಗಳಲ್ಲಿ ಕೆಲಸ ಕಲಿತವರಿಗೆ ಉಳಿಯುವುದು ಒಂದು ವರ್ಷದ ಕರಾರು ಮತ್ತು ಜೂನ್‌ನ ಪ್ಲೇಆಫ್.